ಎಲ್ಲರೂ ಸೂತ್ರಧಾರರೇ

ಟ್ಯಾಮರಾಕ್ ಫಾಲ್ಸ್, ವಿಸ್ಕಾನ್ಸಿನ್
ಸೆಪ್ಟೆಂಬರ್ 8, 1992

ಬನ್ನಿ, ಬನ್ನಿ, ಮಹಾಜನಗಳೇ! ದಾಳ ಹಿಡಿದ ಕೈಗಳೇ, ಪೆನ್ಸಿಲ್ ಕಚ್ಚುವ ಹಲ್ಲುಗಳೇ, ಹಿಂದಿನ ಸಾಲಿನಲ್ಲಿ ನಿಂತು ಕಾಫಿ ಹೀರುತ್ತ ಯಾರ ಮಾತಿಗೂ ಕಿವಿಗೊಡದ ಮಹನೀಯರೇ, ಹತ್ತಿರ ಬನ್ನಿ! ಈ ಸುತ್ತೋಲೆಯನ್ನು ನೀವು ನಿಮ್ಮ ನಿಮ್ಮ ಅಡುಗೆಮನೆಯಲ್ಲಿ ಒಬ್ಬೊಬ್ಬರೇ ಕುಳಿತು ಓದುತ್ತಿದ್ದೀರೆಂದು ನನಗೆ ಗೊತ್ತು. ಆದರೂ ನನ್ನ ಕಣ್ಣಿಗೆ ನೀವೆಲ್ಲ ಒಂದೇ ಗುಡಾರದೊಳಗೆ ಒತ್ತೊತ್ತಾಗಿ ಕುಳಿತಂತೆಯೇ ಕಾಣುತ್ತೀರಿ. ಊರೂರು ತಿರುಗುತ್ತಿದ್ದ ಅಪ್ಪನ ನಾಟಕ ಕಂಪನಿಯಲ್ಲಿ ಹುಟ್ಟಿ ಬೆಳೆದವನಿಗೆ ಬೇರೆ ರೀತಿ ಬರೆಯಲು ಬರುವುದಿಲ್ಲ.

ಬರುವ ಫೆಬ್ರವರಿಗೆ ನಮ್ಮ ಚಳಿಗಾಲದ ಮೇಜಿನಾಟದ ಮೇಳಕ್ಕೆ ಹನ್ನೆರಡು ತುಂಬುತ್ತದೆ. ಸಂಬಳದವನೆಂಬವನು ಒಬ್ಬನೂ ಇಲ್ಲದ ಮೇಳ! ಕುರ್ಚಿ ಹೊರುವವರೂ ನಾವೇ, ನೆಲ ಒರೆಸುವವರೂ ನಾವೇ. ಆದರೆ ಹೋದ ವರ್ಷ ಏನಾಯಿತು? ಆಡುವವರು ಸಭಾಂಗಣದ ತುಂಬ, ಆಡಿಸುವವರು ಬೆರಳೆಣಿಕೆ. ಒಂದೊಂದು ಮೇಜಿಗೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ. ಊಟದ ಹೊತ್ತಾದರೂ ಸರದಿ ಬಾರದೆ ಎದ್ದು ಹೋದವರಿದ್ದಾರೆ. ಕಥೆ ಕಟ್ಟಿ, ನಕ್ಷೆ ಬರೆದು, ರಟ್ಟಿನ ತೆರೆಯ ಹಿಂದೆ ಕುಳಿತು, "ನಿಮ್ಮೆದುರು ಒಂದು ಕತ್ತಲ ಗುಹೆ, ಒಳಗೇನೋ ಉಸಿರಾಡುತ್ತಿದೆ, ಈಗೇನು ಮಾಡುತ್ತೀರಿ?" ಎಂದು ಆಟ ನಡೆಸಿಕೊಡುವ ಸೂತ್ರಧಾರನೇ ಇಲ್ಲದೆ ಮೇಳವೆಲ್ಲಿಯದು?

ಆದ್ದರಿಂದ, ಕೇಳಿರಿ ಘೋಷಣೆ! ಆಟ ನಡೆಸಿಕೊಡಲು ಒಪ್ಪಿದ ಪ್ರತಿಯೊಬ್ಬರಿಗೂ ಪ್ರವೇಶ ಬಿಟ್ಟಿ. ಶನಿವಾರ ಲೊರೆಟಾಳ ಸಾಸೇಜು, ಹುಳಿ ಎಲೆಕೋಸಿನ ಊಟ ಬಿಟ್ಟಿ. ಕಾರ್ಯಕ್ರಮದ ಹಾಳೆಯಲ್ಲಿ ದಪ್ಪಕ್ಷರದ ಹೆಸರು. ಕುಳಿತುಕೊಳ್ಳಲು ಮೆತ್ತೆಯ ಕುರ್ಚಿ. ಬರೀ ಆಡಲು ಬರುವವರಿಗೆ ಕಬ್ಬಿಣದ ಮಡಚುವ ಕುರ್ಚಿ, ಅದೂ ಸಿಕ್ಕರೆ!

ನಿಮ್ಮ ಅಧ್ಯಕ್ಷ,
ಆರ್ವಿಲ್ ಟೆಶ್

(ಒಂದು ಪ್ರತಿಯ ಅಡಿಯಲ್ಲಿ ಮಾತ್ರ, ಕೈಬರಹದಲ್ಲಿ) ಆರ್ಡಿಸ್, ಶನಿವಾರ ಬೆಳಗಿನ ಒಂಬತ್ತರ ಮೇಜು ಎಂದಿನಂತೆ ನಿನ್ನದೇ. ಫೆಬ್ರವರಿಯಿಂದ ನಿನ್ನ ಫೋನು ಕೆಟ್ಟಿದೆಯೋ ಏನೋ, ಎತ್ತುವವರೇ ಇಲ್ಲ.


ನಾರ್ವೇ ಕ್ರೀಕ್
ಸೆಪ್ಟೆಂಬರ್ 19

ಆರ್ವಿಲ್,

ಫೋನು ಚೆನ್ನಾಗಿದೆ. ಮೇಜು ಬೇಡ.

ಕಾರಣ ನಿನಗೆ ಗೊತ್ತಿಲ್ಲವೆಂದರೆ, ಆ ಗೊತ್ತಿಲ್ಲದಿರುವುದೇ ಅರ್ಧ ಕಾರಣ. ಉಳಿದರ್ಧವನ್ನು ಬರೆಯುತ್ತೇನೆ. ಎದುರಿಗೆ ನಿಂತು ಹೇಳಲು ಹೊರಟರೆ ಎರಡನೆಯ ಪದಕ್ಕೇ ನೀನು ಮಾತು ಕಸಿದುಕೊಳ್ಳುತ್ತೀಯ.

ದೀಪಸ್ತಂಭದ ಆಟವನ್ನು ನಾನು ಏಳು ವರ್ಷ ನಡೆಸಿದೆ. ವರ್ಷಕ್ಕೊಂದೇ ಬೆಳಿಗ್ಗೆ, ಅದೇ ನಾಲ್ವರು: ಲೊರೆಟಾ, ಅಂಚೆ ಕಚೇರಿಯ ಡೆನ್ನಿ, ಗುಂಡರ್ಸನ್ ಅಣ್ಣತಮ್ಮಂದಿರು. ಸರೋವರದ ನಡುವಿನ ಬಂಡೆಯ ಮೇಲೆ ಹಡಗಿಗೆ ದಾರಿ ತೋರುವ ದೀಪದ ಗೋಪುರ, ಒಬ್ಬೊಬ್ಬರಾಗಿ ಕಾಣೆಯಾಗುವ ಕಾವಲುಗಾರರು. ಹೋದ ಫೆಬ್ರವರಿಯಲ್ಲಿ ನಾಲ್ವರೂ ಕೊನೆಗೂ ಮೇಲಿನ ಬಾಗಿಲು ತೆರೆದರು. ಒಳಗೆ ಕಾವಲುಗಾರನ ಮಗಳು. ಅವಳು ಒಂದೇ ಒಂದು ಮಾತು ಹೇಳಬೇಕು. ಏಳು ವರ್ಷದ ಕಥೆಯನ್ನು ನಾನು ಕಟ್ಟಿದ್ದೇ ಆ ಒಂದು ಮಾತಿನವರೆಗೆ ನಡೆದುಹೋಗಲು. ಡೆನ್ನಿ ಉಸಿರು ಬಿಗಿಹಿಡಿದಿದ್ದ. ನಾನು ಬಾಯಿ ತೆರೆದೆ.

ನೀನೂ ತೆರೆದೆ.

"ಮಾಂಸದ ಲಾಟರಿ! ಹಂದಿ ತೊಡೆ! ಹೊಗೆಯಲ್ಲಿ ಹದ ಮಾಡಿದ ಇಡೀ ತೊಡೆ! ಯಾವ ಪುಣ್ಯಾತ್ಮನ ಪಾಲಿಗಪ್ಪಾ ಇದು?"

ಪುಣ್ಯ ಮಾಡಿದ್ದವಳು ಲೊರೆಟಾ. ಕುರ್ಚಿ ಉರುಳಿಸಿ ಓಡಿದಳು. ತೊಡೆ ನೋಡಲು ಅಣ್ಣತಮ್ಮಂದಿರೂ ಓಡಿದರು. ಅವರು ಮರಳುವ ಹೊತ್ತಿಗೆ ಮುಂದಿನ ಆಟದವರು ನನ್ನ ಮೇಜಿನ ಮೇಲೆ ಕೋಟು ಇಟ್ಟಾಗಿತ್ತು.

ಆ ಮಾತನ್ನು ಯಾರೂ ಕೇಳಲಿಲ್ಲ. ಈಗ ಹೇಳುವ ಮನಸ್ಸು ನನಗೂ ಇಲ್ಲ.

ಆರ್ಡಿಸ್ ಕೋಲ್ಬೆ


ಟ್ಯಾಮರಾಕ್ ಫಾಲ್ಸ್
ಅಕ್ಟೋಬರ್ 2

ಆರ್ಡಿಸ್!

ಒಂದು ಹಂದಿ ತೊಡೆಗಾಗಿ ಏಳು ತಿಂಗಳ ಮೌನವೇ? ಲಾಟರಿ ಹನ್ನೊಂದೂವರೆಗೆ ಎಂದು ಅಚ್ಚು ಹಾಕಿಸಿದ್ದೆನಲ್ಲ! ಹಾಕಿಸಿದವರಲ್ಲಿ ನೀನೂ ಒಬ್ಬಳು! ಈ ಮೇಳವನ್ನು ಚರ್ಚಿನ ನೆಲಮಾಳಿಗೆಯಲ್ಲಿ ಶುರು ಮಾಡಿದಾಗ ನಾವಿದ್ದದ್ದೇ ಇಬ್ಬರು, ನೆನಪಿರಲಿ. ಅಂದಿನಿಂದಲೂ ಕೂಗುವ ಕೆಲಸ ನನ್ನದು. ನಾನು ಹಳೇ ಟ್ರ್ಯಾಕ್ಟರ್ ಹರಾಜು ಹಾಕಿ ಹೊಟ್ಟೆ ಹೊರೆಯುವವನು; ನನ್ನ ಗಂಟಲಿಗಿರುವುದು ಒಂದೇ ಅಳತೆ. "ಹಿಂದಿನ ಬೆಂಚಿನ ಕಿವುಡಜ್ಜಿಗೆ ಕೇಳಿಸದ ಮಾತು ಮಾತೇ ಅಲ್ಲ ಕಣೋ" ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದು. ನೀನೋ, ಶಾಲೆಯ ಬಸ್ಸಿನ ತುಂಬ ಮಕ್ಕಳನ್ನು ಪಿಸುಮಾತಿನಲ್ಲೇ ಹತೋಟಿಗೆ ತರುವವಳು. ಬಸ್ಸಿನಲ್ಲಿ ಅದು ನಡೆದೀತು. ಸಭಾಂಗಣದಲ್ಲಿ ಸ್ವಲ್ಪ ಗಂಟಲೆತ್ತಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ನನ್ನ ತಲೆನೋವುಗಳ ಪೈಕಿ ನಿನ್ನದು ಒಂದು ಅಷ್ಟೇ. ಸಭಾಂಗಣದ ಒಡೆಯರಾದ ಮಾಜಿ ಸೈನಿಕರು ಈ ಸಲ ಗೋಡೆಗೆ ಏನನ್ನೂ ಅಂಟಿಸಬಾರದು ಎನ್ನುತ್ತಾರೆ. ನಿನ್ನೆ ಅಂಚೆ ಕಚೇರಿಗೆ ಹೋದರೆ ಡೆನ್ನಿ ಕಿಟಕಿಯಾಚೆಯಿಂದಲೇ ವಿಚಾರಣೆಗೆ ನಿಂತ:

"ಆರ್ಡಿಸ್ ಬರ್ತಾಳಾ?"

"ಸ್ಟಾಂಪ್ ಕೊಡಯ್ಯ."

"ಬರ್ತಾಳಾ ಅಂದೆ."

"ಅವಳಿಗೆ ಹಾಕೋ ಪತ್ರಕ್ಕೇ ಕಣಯ್ಯ ಸ್ಟಾಂಪು!"

"ಹಾಗಿದ್ರೆ ಎರಡು ತಗೋ. ನಿನ್ನ ಮೊದಲ್ನೇ ಪತ್ರ ಓದಿ ಯಾರೂ ಬಂದಿದ್ದಿಲ್ಲ."

ಸರದಿಯಲ್ಲಿ ನಿಂತವರೆಲ್ಲ ನಕ್ಕರು. ಮಾತು ಹೇಳಲು ಇನ್ನೊಂದು ಬೆಳಿಗ್ಗೆ ಕೊಡುತ್ತಿದ್ದೇನೆ. ಹಟ ಬಿಡು.

ನಿನ್ನ,
ಆರ್ವಿಲ್


ಟ್ಯಾಮರಾಕ್ ಫಾಲ್ಸ್
ನವೆಂಬರ್ 9

ಆರ್ಡಿಸ್,

ನೀನು ಉತ್ತರಿಸಲಿಲ್ಲ. ಪರವಾಗಿಲ್ಲ. ವಿಜಯದುಂದುಭಿಯ ಸದ್ದಿನಲ್ಲಿ ನಿನ್ನ ಮೌನ ನನಗೆ ಕೇಳಿಸುತ್ತಲೇ ಇಲ್ಲ!

ನನ್ನ ಸುತ್ತೋಲೆ ಕಾಡ್ಗಿಚ್ಚಿನಂತೆ ಹಬ್ಬಿದೆ. ದಿನವೂ ಅಂಚೆಪೆಟ್ಟಿಗೆ ಬಾಯಿ ಮುಚ್ಚಲಾರದಷ್ಟು ಕಾಗದ. ಹನ್ನೆರಡು ವರ್ಷದಲ್ಲಿ ಇಷ್ಟು ಮಂದಿ ಸೂತ್ರಧಾರರು ಎಂದೂ ಒದಗಿರಲಿಲ್ಲ. ಗುಮ್ಮನಂತೆ ಮೂಲೆ ಹಿಡಿದು ಆಡುತ್ತಿದ್ದವರೆಲ್ಲ ಈಗ ಕಥೆ ಕಟ್ಟುತ್ತಿದ್ದಾರೆ. ಮೆತ್ತೆಯ ಕುರ್ಚಿಗಳು ಸಾಲದೆ ಶವಸಂಸ್ಕಾರದ ಅಂಗಡಿಯಿಂದ ಎರವಲು ತರುತ್ತಿದ್ದೇನೆ. ಕಾರ್ಯಕ್ರಮದ ಹಾಳೆಯ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ನೋಡಿ ಹೊಟ್ಟೆ ಉರಿಸಿಕೋ.

ಆರ್ವಿಲ್


ನಾರ್ವೇ ಕ್ರೀಕ್
ನವೆಂಬರ್ 16

ಆರ್ವಿಲ್,

ಕರಡು ನೋಡಿದೆ. ನಮ್ಮ ಮೇಳಕ್ಕೆ ಪ್ರತಿವರ್ಷ ಬರುವ ಪ್ರತಿಯೊಬ್ಬರ ಹೆಸರೂ ಅದರಲ್ಲಿ ದಪ್ಪಕ್ಷರದಲ್ಲಿದೆ.

ಎಲ್ಲರೂ ಆಡಿಸುವವರೇ. ಆಡುವವರು ಯಾರು?

ಆರ್ಡಿಸ್


ಟ್ಯಾಮರಾಕ್ ಫಾಲ್ಸ್
ಡಿಸೆಂಬರ್ 6

ಆರ್ಡಿಸ್,

ನಿನ್ನ ಪತ್ರ ಓದಿ ಕರಡನ್ನು ಮೇಜಿನ ಮೇಲೆ ಹರಡಿದೆ. ಮೇಲಿನಿಂದ ಓದಿದೆ, ಕೆಳಗಿನಿಂದ ಓದಿದೆ. ಆಮೇಲೆ ಹಿಮದಲ್ಲಿ ಮನೆಗೆ ಎರಡು ಸುತ್ತು ಹಾಕಿದೆ. ಯುದ್ಧಕ್ಕೆ ಹೊರಟ ದಂಡಿನಲ್ಲಿ ಎಲ್ಲರೂ ಸೇನಾಪತಿಗಳೇ!

ಮರುದಿನವೇ ಲೊರೆಟಾಳ ಅಡುಗೆಮನೆಯಲ್ಲಿ ಸಮಿತಿ ಸೇರಿಸಿದೆ. "ಮಹನೀಯರೇ, ಅರ್ಧಕ್ಕರ್ಧ ಜನ ಹಿಂದೆ ಸರಿದು ಆಡುವವರಾಗಬೇಕು" ಎಂದೆ. ಎಲ್ಲರೂ ತಲೆಯಾಡಿಸಿದರು. ಎಂಥ ತಿಳಿವಳಿಕೆಯ ಜನ ಎಂದುಕೊಂಡೆ.

"ಹೌದಪ್ಪ, ಸರೀಬೇಕು," ಅಂದ ಡೆನ್ನಿ. "ಬೇರೆಯೋರು."

"ಮೊದಲು ನೀನು ಸರಿ."

"ನಾನಾ? ಬೇಸಿಗೆಯಿಂದ ಒಂದು ಮುಳುಗಿದ ಪಟ್ಟಣ ಕಟ್ತಾ ಇದೀನಿ ಆರ್ವಿಲ್. ಬೀದಿ ಬೀದಿಗೂ ಹೆಸರಿಟ್ಟಿದೀನಿ! ಗುಂಡರ್ಸನ್‌ಗಳನ್ನ ಕೇಳು."

ದೊಡ್ಡ ಗುಂಡರ್ಸನ್ ಚಿಕ್ಕವನ ಮುಖ ನೋಡಿದ. "ಇವನು ಬೇಕಾದ್ರೆ ಬಿಡ್ತಾನೆ."

"ನಾನ್ಯಾಕೆ ಬಿಡ್ಲಿ? ನಿನ್ನ ಡ್ರ್ಯಾಗನ್‌ಗೆ ರೆಕ್ಕೆ ಬರೆದುಕೊಟ್ಟಿದ್ದು ಯಾರು?"

ಲೊರೆಟಾ ಆಲೂಗಡ್ಡೆ ಹೆರೆಯುತ್ತ ನಿಂತಿದ್ದಳು. ನೀನಾದರೂ ಬುದ್ಧಿ ಹೇಳು ತಾಯೀ ಎಂದರೆ, ಚಾಕು ನನ್ನತ್ತ ತೋರಿಸಿ, "ಬಿಟ್ಟಿ ಊಟ ಅಂತ ಊರಿಗೆಲ್ಲ ಡಂಗುರ ಹೊಡೆದೋನು ನೀನು. ಅಡುಗೆ ಮಾಡೋಳು ನಾನು. ನನಗೂ ಒಂದು ಆಟ ಬೇಕು. ಶನಿವಾರ ಬೆಳಿಗ್ಗೆ. ಬಿಡಲ್ಲ," ಎಂದಳು.

ಇಲ್ಲಿ ಒಂದು ವಿಷಯ ಹೇಳಲೇಬೇಕು, ಮುಚ್ಚಿಟ್ಟರೂ ಕರಡಿನಲ್ಲಿ ನೀನೇ ನೋಡಿರುತ್ತೀಯ. ನಿನ್ನ ನಾಲ್ವರೂ ಶನಿವಾರ ಬೆಳಗಿನ ಒಂಬತ್ತಕ್ಕೇ ಹೆಸರು ಕೊಟ್ಟಿದ್ದಾರೆ. ನಾಲ್ಕು ಮೇಜಿಗೆ. ನೀನು ಬರುವುದಿಲ್ಲ ಎಂದು ತಿಳಿದ ಮೇಲೆ ಕೊಟ್ಟದ್ದು. ನಾನೇನು ಮಾಡಲಿ?

ತಲೆ ಸಿಡಿಯುತ್ತಿದೆ.
ಆರ್ವಿಲ್


ನಾರ್ವೇ ಕ್ರೀಕ್
ಡಿಸೆಂಬರ್ 20

ಆರ್ವಿಲ್,

ನೋಡಿದ್ದೆ.

ಆ ಕರಡು ಬರುವ ಹಿಂದಿನ ವಾರವಷ್ಟೇ ದೀಪಸ್ತಂಭದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದ್ದೆ. ನಿನಗೆ ಬರೆಯಲಿಲ್ಲ, ಬರೆದಿದ್ದರೆ ನೀನದನ್ನು ಸುತ್ತೋಲೆಯಲ್ಲಿ ಹಾಕುತ್ತಿದ್ದೆ. ನಕ್ಷೆಗಳಿಗೆ ಹೊಸ ಅಂಟು ಹಾಕಿ, ಮೆಟ್ಟಿಲುಗಳ ಚಿತ್ರ ಮತ್ತೆ ಬರೆದು, ಮೇಲಿನ ಬಾಗಿಲಿನ ಹತ್ತಿರ ಬಂದು ನಿಂತಿದ್ದೆ. ಆ ಹೊತ್ತಿಗೆ ನಿನ್ನ ಕರಡು ಬಂತು.

ಹೋದ ಸಲ ಆ ಮಾತನ್ನು ನೀನು ಮುಳುಗಿಸಿದೆ. ನನಗೆ ಸಿಟ್ಟಿತ್ತು. ಸಿಟ್ಟಿಗೆ ಎದುರಿಗೊಬ್ಬ ಇರುತ್ತಾನೆ. ಈಗ ಆ ಮಾತನ್ನು ಕೇಳಬೇಕಾದವರೇ ಇಲ್ಲ. ಇದಕ್ಕೆ ಯಾರ ಮೇಲೆ ಸಿಟ್ಟಾಗಲಿ?

ಗುಂಡರ್ಸನ್‌ಗಳು ಮೊನ್ನೆ ದಾರಿಯಲ್ಲಿ ನನ್ನ ಬಸ್ಸು ನಿಲ್ಲಿಸಿ, "ಆ ಹುಡುಗಿ ಏನಂದ್ಲು, ಈಗ್ಲೇ ಹೇಳ್ಬಿಡಿ, ಹಿಂದೆ ಲಾರಿ ನಿಂತಿದೆ" ಎಂದರು. ಬಾಗಿಲು ಮುಚ್ಚಿ ಹೊರಟೆ.

ಕ್ರಿಸ್‌ಮಸ್ ಚೆನ್ನಾಗಿರಲಿ.
ಆರ್ಡಿಸ್


ಟ್ಯಾಮರಾಕ್ ಫಾಲ್ಸ್
ಜನವರಿ 18, 1993

ಆರ್ಡಿಸ್,

ಉಪಾಯ ಸಿಕ್ಕಿದೆ! ಒಂದು ಹೊತ್ತು ಹೇಳಿದವನು ಇನ್ನೊಂದು ಹೊತ್ತು ಕೇಳಬೇಕು. ಆಟ ನಡೆಸುವವನು ಮಿಕ್ಕ ಹೊತ್ತಿನಲ್ಲಿ ಬೇರೆಯವರ ಮೇಜಿಗೆ ಹೋಗಿ ಆಡಬೇಕು. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು, ಔಷಧ ಕುಡಿಸಿದ ಹಾಗಿತ್ತು. ಸರಿ, ಹೇಗಿರುತ್ತದೆಂದು ನೋಡೋಣವೆಂದು ಹೋದ ಭಾನುವಾರ ನಮ್ಮ ಮನೆಯಲ್ಲೇ ಒಂದು ತಾಲೀಮು ಇಟ್ಟೆ. ಡೆನ್ನಿ ಸೂತ್ರಧಾರ, ಮಿಕ್ಕವರು ಆಡುವವರು.

ಡೆನ್ನಿ ಶುರು ಮಾಡಿದ: "ನೀವು ಮುಳುಗಿದ ಪಟ್ಟಣದ ಹೆಬ್ಬಾಗಿಲಿಗೆ ಬಂದಿದ್ದೀರಿ."

"ನೀರೊಳಗೆ ಉಸಿರು ಹೇಗೆ?" ದೊಡ್ಡ ಗುಂಡರ್ಸನ್.

"ಮಂತ್ರ ಇದೆ."

"ಆ ಮಂತ್ರ ಅಷ್ಟು ಹೊತ್ತು ನಿಲ್ಲಲ್ಲ. ನಾನಾಗಿದ್ರೆ ಬೇರೆ ಥರ ಮಾಡ್ತಿದ್ದೆ."

"ನೀನಲ್ಲ, ನಾನು ಮಾಡ್ತಿರೋದು!"

"ಹೆಬ್ಬಾಗಿಲು ಉತ್ತರಕ್ಕಿದೆ ಅಂತೀಯ, ನಕ್ಷೇಲಿ ದಕ್ಷಿಣಕ್ಕಿದೆಯಲ್ಲೋ," ಲೊರೆಟಾ ತೆರೆಯಾಚೆಗೆ ಕತ್ತು ಚಾಚಿ ಹೇಳಿದಳು.

"ತೆರೆ ಹಿಂದೆ ಯಾಕೆ ಇಣುಕ್ತೀಯ?"

"ಅಭ್ಯಾಸ."

ಬೀಗರ ಮನೆಯ ಸಾರಿಗೆ ಉಪ್ಪು ನೋಡುವವರಂತೆ ಒಬ್ಬೊಬ್ಬರೂ! ಎರಡು ತಾಸು ಕಳೆದರೂ ಆ ಹೆಬ್ಬಾಗಿಲು ದಾಟಲಿಲ್ಲ. ನಾನು ನಡುವೆ ನಿಂತು ಕೂಗಿ ಕೂಗಿ, ಹರಾಜಿನಲ್ಲೂ ಒಡೆಯದ ಗಂಟಲು ಒಡೆದುಹೋಯಿತು. ಆದರೂ ಕಟ್ಟಳೆಯೆಂದರೆ ಕಟ್ಟಳೆ. ಮಧ್ಯಾಹ್ನದ ಆಟಗಳು ಹಾಗೂ ಹೀಗೂ ಹೊಂದಿಕೊಂಡವು. ಶನಿವಾರ ಬೆಳಗಿನದೊಂದೇ ಗಂಟು. ಆ ಹೊತ್ತನ್ನು ಯಾರೂ ಬಿಡುತ್ತಿಲ್ಲ. ನಿನ್ನ ನಾಲ್ವರನ್ನು ಕಿವಿ ಹಿಡಿದು ಎಳೆದು ತರುತ್ತೇನೆ, ಬಾ.

ಆರ್ವಿಲ್


ನಾರ್ವೇ ಕ್ರೀಕ್
ಫೆಬ್ರವರಿ 3

ಆರ್ವಿಲ್,

ಯಾರ ಕಿವಿಯನ್ನೂ ಹಿಡಿಯಬೇಡ. ಹಿಡಿದ ಕಿವಿಗೆ ಏನೂ ಕೇಳಿಸುವುದಿಲ್ಲ.

ನಿನ್ನ ತಾಲೀಮಿನ ಪತ್ರ ಓದಿ ನಕ್ಕೆ. ಆಮೇಲೆ ಯೋಚಿಸಿದೆ. ಡೆನ್ನಿ ಮೊದಲ ಸಲ ನನ್ನ ಮೇಜಿಗೆ ಬಂದಾಗ ತನ್ನ ಹೆಸರು ಹೇಳಲೂ ತೊದಲುತ್ತಿದ್ದ. ಈಗ ಬೀದಿ ಬೀದಿಗೂ ಹೆಸರಿಟ್ಟಿದ್ದಾನೆ. ಅವನ ಪಟ್ಟಣವನ್ನು ಅವನು ಬಿಡಬಾರದು. ಲೊರೆಟಾಳೂ ಬಿಡಬಾರದು. ನಾನು ಏಳು ವರ್ಷ ಕಲಿಸಿದ್ದನ್ನು ಈಗ ನನಗೋಸ್ಕರ ಮಡಚಿಡಿ ಎನ್ನಲೇ?

ನಾನು ಬರುತ್ತೇನೆ. ಹಿಂದಿನ ಬಾಗಿಲ ಹತ್ತಿರ, ಬೆಂಕಿಗೂಡಿನ ಪಕ್ಕದ ಪುಟ್ಟ ಮೇಜು ಸಾಕು. ಕಾರ್ಯಕ್ರಮದ ಹಾಳೆಯಲ್ಲಿ ಹಾಕಬೇಡ, ಕೂಗಬೇಡ, ಕರೆಯಬೇಡ. ದೀಪಸ್ತಂಭದ ಆ ಮೇಲಿನ ಬಾಗಿಲ ಮುಂದೆ ಒಂದು ಬೆಳಿಗ್ಗೆ ಕುಳಿತಿರುತ್ತೇನೆ. ಯಾರಾದರೂ ಬಂದರೆ ಹೇಳುತ್ತೇನೆ. ಯಾರೂ ಬರದಿದ್ದರೆ ಕೈಗವಸು ಹೆಣೆಯುತ್ತೇನೆ, ಆಮೇಲೆ ಪೆಟ್ಟಿಗೆಯನ್ನು ಬೆಂಕಿಗೂಡಿಗೆ ಹಾಕುತ್ತೇನೆ. ದೂರವೇನಿಲ್ಲ.

ಇದಕ್ಕೆ ಉತ್ತರ ಬರೆಯಬೇಡ.
ಆರ್ಡಿಸ್


ಮಾಜಿ ಸೈನಿಕರ ಸಭಾಂಗಣ
ಶುಕ್ರವಾರ ಸಂಜೆ, ಫೆಬ್ರವರಿ 12

ಆರ್ಡಿಸ್,

ಉತ್ತರ ಬರೆಯಬೇಡವೆಂದೆ. ಒಂಬತ್ತು ದಿನ ಬರೆಯಲಿಲ್ಲ. ನಾನು ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದನ್ನು ನೋಡಿ ಊರಿನವರು ಆಸ್ಪತ್ರೆಗೆ ಸೇರಿದ್ದೇನೆಂದು ತಿಳಿದರು. ಇದನ್ನು ಡೆನ್ನಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನ ಮನೆಗೆ ಹೋಗುವ ದಾರಿಯಲ್ಲೇ ನಿನ್ನ ಮನೆ.

ಮೇಳ ಮಧ್ಯಾಹ್ನ ಶುರುವಾಯಿತು, ನನ್ನ ಕಟ್ಟಳೆಯನ್ನು ಎಲ್ಲರೂ ಬಾಗಿಲಲ್ಲೇ ಮರೆತರು. ಆಹಾ, ಏನು ದೃಶ್ಯ! ಸಾಲು ಸಾಲು ರಟ್ಟಿನ ತೆರೆಗಳು, ಒಂದೊಂದರ ಹಿಂದೆ ಒಬ್ಬೊಬ್ಬ ಸೂತ್ರಧಾರ, ಎದುರಿಗೆ ಖಾಲಿ ಕುರ್ಚಿ. ಯಾರೋ ಬಾಗಿಲು ತೆರೆದರೆ ಸಾಕು, ಜಾತ್ರೆಯ ಅಂಗಡಿಯವರಂತೆ, "ಬನ್ನಿ, ಡ್ರ್ಯಾಗನ್, ಡ್ರ್ಯಾಗನ್!" "ಇಲ್ಲಿ ಜಾಗ ಇದೆ!" "ನಮ್ಮದು ಬೇಗ ಮುಗಿಯುತ್ತೆ!" ಬಂದವನು ನೋಡಿದರೆ ಕಸದ ತೊಟ್ಟಿ ಒಯ್ಯಲು ಬಂದ ಮಾಜಿ ಸೈನಿಕ. ಅವನನ್ನೂ ಹಿಡಿದು ಕೂರಿಸಿದರು. ಈಗ ಅವನು ಮಾಂತ್ರಿಕನಾಗಿದ್ದಾನೆ, ಏಳುತ್ತಿಲ್ಲ.

ನಾನು ಸಭಾಂಗಣದ ನಡುವೆ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದೆ. "ನಾಳೆ ಬೆಳಿಗ್ಗೆ ಆರ್ಡಿಸ್ ಆ ಮೂಲೆಯಲ್ಲಿ ಒಬ್ಬಳೇ ಕೂತಿರ್ತಾಳೆ! ಇಷ್ಟು ಜನರಲ್ಲಿ ಕೈ ಖಾಲಿ ಇರೋನು ಒಬ್ಬನೂ ಇಲ್ವೇನ್ರೋ!"

ಲೊರೆಟಾ ಎಲೆಕೋಸಿನ ಪಾತ್ರೆ ಕೆಳಗಿಟ್ಟಳು.

"ಒಬ್ಬ ಇದಾನೆ."

"ಯಾರು? ಕರಿ!"

"ಎಲ್ಲರ ಹೆಸರೂ ದಪ್ಪಕ್ಷರದಲ್ಲಿ ಹಾಕಿಸಿದೆಯಲ್ಲ ಆರ್ವಿಲ್, ನಿನ್ನದು ಯಾವ ಆಟದ ಕೆಳಗಿದೆ?"

ನಾನು ಬಾಯಿ ತೆರೆದೆ. ಕಾರ್ಯಕ್ರಮದ ಹಾಳೆಯನ್ನು ಜೇಬಿನಿಂದ ತೆಗೆದು ಎರಡೂ ಬದಿ ನೋಡಿದೆ.

"ನಾನು ಅಧ್ಯಕ್ಷ," ಎಂದೆ ಕೊನೆಗೆ. "ಬೆಳಿಗ್ಗೆ ಸ್ವಾಗತ ಭಾಷಣ ಇದೆ. ಲಾಟರಿ ಇದೆ."

"ಭಾಷಣ ನಾನು ಓದ್ತೀನಿ," ಅಂದ ಡೆನ್ನಿ. "ನಾಲ್ಕೇ ಸಾಲಲ್ಲಿ."

"ನಾಲ್ಕು ಸಾಲಾ! ಅದೇನು ಭಾಷಣವೋ, ತಂತಿಯೋ?"

"ಲಾಟರಿ ಭಾನುವಾರ ಇಟ್ಕೊಳಣ," ಎಂದರು ಗುಂಡರ್ಸನ್‌ಗಳು. ಜೀವಮಾನದಲ್ಲಿ ಮೊದಲ ಸಲ ಇಬ್ಬರೂ ಒಂದೇ ಮಾತು ಆಡಿದರು.

ನಾನು ಆಡುವವನಾಗಿ ಒಂದು ಮೇಜಿಗೂ ಕುಳಿತವನಲ್ಲ, ನಿನಗೆ ಗೊತ್ತು. ದಾಳ ಯಾವ ಕೈಯಲ್ಲಿ ಉರುಳಿಸಬೇಕೆಂದೂ ತಿಳಿಯದು. ಅಲ್ಲೇ ಊಟದ ಮೇಜಿನ ಸುತ್ತ ನಾಲ್ವರೂ ನಿನ್ನ ದೀಪಸ್ತಂಭದ ಹಿಂದಿನ ಕಥೆಯನ್ನು ನನಗೆ ಹೇಳಲು ಕುಳಿತರು. ಒಬ್ಬೊಬ್ಬರದು ಒಂದೊಂದು ಪಾಠಾಂತರ. ಮೊದಲು ಕಾಣೆಯಾದವನು ಕುಂಟ ಎಂದು ಡೆನ್ನಿ, ಅಲ್ಲವೇ ಅಲ್ಲ, ಅವನ ನಾಯಿ ಕುಂಟ ಎಂದು ಲೊರೆಟಾ. ಸಾಸೇಜು ಆರಿಹೋಯಿತು, ಯಾರಿಗೂ ಪರಿವೆಯಿಲ್ಲ. ಮೆಟ್ಟಿಲು ಹತ್ತುವ ಭಾಗ ಬಂದಾಗ ನಾಲ್ವರೂ ದನಿ ತಗ್ಗಿಸಿದರು ಆರ್ಡಿಸ್, ತಾವಾಗಿಯೇ. ಸುತ್ತಲ ಮೇಜಿನವರು ಮಾತು ನಿಲ್ಲಿಸಿ ಇತ್ತ ತಿರುಗಿದರು. ಬಾಗಿಲು ತೆರೆದು ಆ ಹುಡುಗಿ ಕಾಣಿಸಿದಲ್ಲಿಗೆ ಬಂದು ನಾಲ್ವರೂ ನಿಂತುಬಿಟ್ಟರು. ಮುಂದಿನದು ಅವರಿಗೆ ಗೊತ್ತಿಲ್ಲ.

"ಏನು ಹೇಳಿದಳು ಅಂತ ಬಂದು ನಮಗೂ ಹೇಳು," ಎಂದಳು ಲೊರೆಟಾ.

"ಕೂಗಿ ಹೇಳ್ಬೇಡ," ಎಂದ ಡೆನ್ನಿ.

ಅವರೇ ನನಗೊಂದು ಪಾತ್ರ ಕಟ್ಟಿಕೊಟ್ಟಿದ್ದಾರೆ. ದೀಪಕ್ಕೆ ಎಣ್ಣೆ ಹೊತ್ತು ತರುವ ದೋಣಿಯವನು. ಅವನಿಗೆ ಇಡೀ ಕಥೆಯಲ್ಲಿ ಒಂದು ಮಾತೂ ಇಲ್ಲವಂತೆ. ಅಪ್ಪನ ಕಂಪನಿಯಲ್ಲಿ ಇಂಥ ಪಾತ್ರ ಕೊಟ್ಟಿದ್ದರೆ ಗುಡಾರ ಬಿಟ್ಟು ಓಡಿಹೋಗುತ್ತಿದ್ದೆ!

ನೀನು ಕೈಗವಸಿನ ನೂಲು ತರುವುದಾದರೆ ತಾ, ಬೇಡವೆನ್ನುವುದಿಲ್ಲ. ಡೆನ್ನಿ ಕೋಟು ಹಾಕಿಕೊಂಡು ನಿಂತಿದ್ದಾನೆ, ಇಷ್ಟುದ್ದ ಬರೆಯಬೇಡ ಎನ್ನುತ್ತಿದ್ದಾನೆ. ನಾಳೆ ಬೆಳಿಗ್ಗೆ ಸಭಾಂಗಣದ ಬೀಗ ತೆಗೆದು ಕೀಲಿಕೈಯನ್ನು ಅವನಿಗೆ ಕೊಡುತ್ತೇನೆ. ಬೂಟಿನ ಹಿಮ ಕೊಡವಿ ಬೆಂಕಿಗೂಡಿನ ಬಳಿಗೆ ಬಂದು ನಿನ್ನೆದುರು ಕುಳಿತುಕೊಳ್ಳುತ್ತೇನೆ. ಎಣ್ಣೆಯ ಡಬ್ಬ ಹೊತ್ತು ಅಷ್ಟೂ ಮೆಟ್ಟಿಲು ಹತ್ತುತ್ತೇನೆ, ಮೇಲಿನ ಬಾಗಿಲು ತಟ್ಟುತ್ತೇನೆ, ಆಮೇಲೆ ಸುಮ್ಮನಿರುತ್ತೇನೆ.

ಆರ್ವಿಲ್